ಮಳೆ ಹಿಡಿದಾಗಿನಿಂದ ಬೇಸ್ ಗಿಟಾರ್‌ನ ಇ ತಂತಿ ಕಿರಗುಡುತ್ತಿದೆ. ಶ್ರುತಿ ಬೇರೆ ಕಪ್ಪು ಎರಡು

ಡೊಂಬಿವಲಿಗ: ನಮಸ್ಕಾರ. ಗಣೇಶೋತ್ಸವದ ಆರ್ಕೆಸ್ಟ್ರಾಗೆ ತಾಲೀಮು ನಡೀತಿದೆ. ನಾಲ್ಕು ತಂತಿಯ ಬೇಸ್, ತಂತಿಗಳ ದಪ್ಪ 45–105 (ಇಂಚಿನ ಸಾವಿರದ ಲೆಕ್ಕ). ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಮೊದಲ ಐದು ಫ್ರೆಟ್‌ನಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮಾತ್ರ ಕಿರಗುಡುತ್ತೆ. ತಂತಿ ಕೂರುವ ಬ್ರಿಜ್ ಎತ್ತಿದರೂ ಹೋಗಿಲ್ಲ. ಇನ್ನೊಂದು, ಗಾಯಕಿಯ ಶ್ರುತಿ ಕಪ್ಪು ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆ). ಐದು ತಂತಿಯದು ಕೊಳ್ಳಲೇಬೇಕಾ?

ಮಾಟುಂಗಾ ಮಂದ್ರ: ಬ್ರಿಜ್ ಮೊದಲಿದ್ದಲ್ಲಿಗೆ ಇಳಿಸಿ. ತಲೆ ಕಡೆಯ ಫ್ರೆಟ್‌ಗಳಲ್ಲಷ್ಟೇ ಸದ್ದು ಅಂದರೆ ನೆಕ್ ಹಿಂದಕ್ಕೆ ಬಾಗಿರೋದೇ ಹೆಚ್ಚು. ತೇವಕ್ಕೆ ಮರ ಉಬ್ಬುತ್ತೆ. ಆದರೂ ಅಳೆಯದೆ ಏನನ್ನೂ ತಿರುಗಿಸಬೇಡಿ. ಶ್ರುತಿ ಮಾಡಿ, ನುಡಿಸುವ ಹಾಗೇ ತೊಡೆ ಮೇಲಿಟ್ಟುಕೊಂಡು, ಮೊದಲ ಫ್ರೆಟ್‌ಗೆ ಕೇಪೋ (ತಂತಿ ಅದುಮಿಡುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, ಏಳು-ಎಂಟನೇ ಫ್ರೆಟ್ ಹತ್ತಿರ ಇ ತಂತಿ ಕೆಳಗಿನ ಸಂದು ನೋಡಿ. ಸುಮಾರು 0.3 ಮಿ.ಮೀ. ಬೇಕು, ವಿಸಿಟಿಂಗ್ ಕಾರ್ಡ್ ತೂರುವಷ್ಟು. ಸಂದೇ ಇಲ್ಲದಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಪಡಿಸುವ ಸರಳು) ಸಡಿಲಿಸಿ: ಅಪ್ರದಕ್ಷಿಣೆಯಾಗಿ ಕಾಲು ಸುತ್ತು, ಅಷ್ಟೇ. ಮತ್ತೆ ಶ್ರುತಿ ಮಾಡಿ, ರಾತ್ರಿ ಬಿಟ್ಟು, ಬೆಳಿಗ್ಗೆ ಅಳೆಯಿರಿ.

ಠಾಣೆ ಲೋಕಲ್: ಆಮೇಲೆ ಇಂಟೋನೇಷನ್ ನೋಡಿ, ಅಂದರೆ ಒತ್ತಿದಾಗಲೂ ಸ್ವರ ಸರಿಯಾಗಿದೆಯಾ ಅಂತ. 12ನೇ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ), ಅಲ್ಲೇ ಒತ್ತಿದ ಸ್ವರ, ಟ್ಯೂನರ್‌ನಲ್ಲಿ ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಬ್ರಿಜ್ ಮೇಲಿನ ಸ್ಯಾಡಲ್ (ತಂತಿ ಒರಗುವ ತುಂಡು) ಹಿಂದಕ್ಕೆ.

ಮಡಗಾಂವ್ ಕನ್ನಡಿಗ: ಕಪ್ಪು ಎರಡು ಅಂದರೆ ಡಿ ಶಾರ್ಪ್. ಓಪನ್ (ಒತ್ತದೆ ಮೀಟಿದ) ಇ ಗಿಂತ ಅರ್ಧ ಸ್ವರ ಕೆಳಗೆ, ಹಾಗಾಗಿ ಕೆಳಗಿನ ಸಾ ನಾಲ್ಕು ತಂತಿಯಲ್ಲಿ ಇಲ್ಲವೇ ಇಲ್ಲ. ಎ ತಂತಿಯ 6ನೇ ಫ್ರೆಟ್‌ನಲ್ಲಿ ಸಾ ಹಿಡಿಯಿರಿ. ಅದೇ ಫ್ರೆಟ್‌ನಲ್ಲಿ ಇ ತಂತಿ ಒತ್ತಿದರೆ ಕೆಳಗಿನ ಪ. ಕೈ ಜರುಗಿಸೋದೇ ಬೇಡ, ಬಹುಪಾಲು ಹಾಡು ನಡೆಯುತ್ತೆ. ಆ ಸಾ 78 ಹರ್ಟ್ಸ್; ಕೆಳಗಿನದು 39. ಮಂಡಪದ ಸಣ್ಣ ಸ್ಪೀಕರ್ 39 ಅನ್ನು ಹೇಗೂ ಸರಿಯಾಗಿ ಎತ್ತಲ್ಲ, ಮೇಲಿನದೇ ಸ್ಪಷ್ಟ. ನಾಲ್ಕೂ ತಂತಿ ಅರ್ಧ ಸ್ವರ ಇಳಿಸುವ ಉಪಾಯ ಈಗ ಬೇಡ: ಎಳೆತ ಕಮ್ಮಿಯಾದರೆ ನೆಕ್ ಇನ್ನೂ ಹಿಂದೆ ಹೋಗುತ್ತೆ, ಕಿರಗುಟ್ಟುವಿಕೆ ಹೆಚ್ಚುತ್ತೆ. ಹಬ್ಬ ಹತ್ತಿರ ಇರುವಾಗ ಐದು ತಂತಿಯೂ ಬೇಡ. ಅದರ ಐದನೆಯ, ಬಿ ತಂತಿ ಸುಮ್ಮನಿದ್ದಲ್ಲೇ ಗುಂಯ್‌ಗುಡುತ್ತೆ, ಅದನ್ನು ಹೆಬ್ಬೆರಳಲ್ಲಿ ಅದುಮಿಡುವುದು ರೂಢಿಯಾಗಲು ತಿಂಗಳುಗಳು ಬೇಕು.

ಡೊಂಬಿವಲಿಗ: ಕಾರ್ಡ್ ತೂರಲೇ ಇಲ್ಲ, ತಂತಿ ಫ್ರೆಟ್‌ಗೆ ಅಂಟಿಕೊಂಡಿದೆ. ರಾಡ್ ತಿರುಗಿಸೋಕೆ 4.5 ಮಿ.ಮೀ. ಅಲೆನ್ ಕೀ ಇದೆ, ಸ್ವಲ್ಪ ಅಲುಗಾಡುತ್ತೆ. ನಡೆಯುತ್ತಾ?

ಮಾಟುಂಗಾ ಮಂದ್ರ: ಬೇಡವೇ ಬೇಡ! ಅಲುಗಾಡುವ ಕೀ ರಾಡ್ ತುದಿಯ ನಟ್‌ನ ಮೂಲೆ ಸವೆಸುತ್ತೆ, ಆಮೇಲೆ ಆ ರಾಡ್ ತಿರುಗೋದೇ ಇಲ್ಲ. ನಿಮ್ಮದು ಇಂಚಿನ ಅಳತೆ ಇರಬಹುದು. 3/16 ಇಂಚು ಅಂದರೆ 4.76 ಮಿ.ಮೀ., ಅದನ್ನು ಹಾಕಿ ನೋಡಿ. ಕೀ ಪೂರ್ತಿ ಒಳಗೆ ಕೂತ ಮೇಲೇ ತಿರುಗಿಸಿ.