ಎರಡು ದಿಕ್ಕಿನ ಬೆವರೇಜ್ ಆಂಟೆನಾ: ಆಸ್ಟ್ರೇಲಿಯಾ ಕಡೆ ಪೂರ್ತಿ ಕಿವುಡು

ಗುಡ್ಡೆಮನೆ
ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಹ್ಯಾಮ್ ರೇಡಿಯೋದ 160 ಮೀಟರ್ ಬ್ಯಾಂಡಿಗೆ ಬೆವರೇಜ್ (ದೂರದ ಸಿಗ್ನಲ್ ಕೇಳೋಕೆ ನೆಲಕ್ಕೆ ಹತ್ತಿರ ಎಳೆಯುವ ಉದ್ದ ತಂತಿಯ ಆಂಟೆನಾ) ಎಳೆದಿದ್ದೇನೆ. ಬೇಲಿಯ ಜಿಐ ತಂತಿ ಎರಡು ಎಳೆ, ನಡುವೆ ಒಂದಡಿ, ಎತ್ತರ ಎರಡೂವರೆ ಮೀಟರ್, ಉದ್ದ 180 ಮೀಟರ್. ಇಲ್ಲಿಂದ ಲಂಡನ್ ಸುಮಾರು 320 ಡಿಗ್ರಿ, ಪರ್ತ್ ಸುಮಾರು 140. ಬೆನ್ನಿಗೆ ಬೆನ್ನು ಅನ್ನಿ. ಒಂದೇ ಸಾಲು ಕಂಬದಲ್ಲಿ ಎರಡೂ ಕೆಲಸ ಆಗಲಿ ಅಂತ ಈ ಸಾಹಸ.

ಮನೆ ಕಡೆಯ ತುದಿ ಆಗ್ನೇಯಕ್ಕಿದೆ, ಇನ್ನೊಂದು ಹಳ್ಳದಾಚೆ. ಮಳೆಗಾಲಕ್ಕೆ ಮುಂಚೆ ಸರಿಯಿತ್ತು. ಈಗ ಹೊತ್ತು ಮುಳುಗುವಾಗ ದಿಕ್ಕು ಬದಲಿಸುವ ಸ್ವಿಚ್ ಆಸ್ಟ್ರೇಲಿಯಾಕ್ಕೆ ಹಾಕಿದರೆ ಬರೀ ಬುಸ್ ಅನ್ನುತ್ತೆ. ಯುರೋಪಿಗೆ ತಿರುಗಿಸಿದರೆ ಪರ್ತ್‌ನವರು 1840 ಕಿಲೋಹರ್ಟ್ಸ್‌ನ ಎಫ್‌ಟಿ8ನಲ್ಲಿ (ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ಸಂಪರ್ಕ) ನೆಟ್ಟಗೆ ಬರ್ತಾರೆ! ಬೆಳಗಿನ ಜಾವ ಯುರೋಪೂ ಅದರಲ್ಲೇ. ಸ್ವಿಚ್ ಮೂರು ಸಲ ಬಿಚ್ಚಿ ಜೋಡಿಸಿದೆ. ಅದರದ್ದೇನೂ ತಪ್ಪಿಲ್ಲ.

ಕರಾವಳಿ ಕಿವಿ
ಆ ಹೊತ್ತು ಕೇಳದೇ ಇರೋ ದಿಕ್ಕಿನ ಪೋರ್ಟಿಗೆ (ಸಿಗ್ನಲ್ ಹೊರಬರುವ ಕನೆಕ್ಟರ್) 75 ಓಮ್ ರೆಸಿಸ್ಟರ್ ಬೀಳುತ್ತಾ? ನಾನು ಅದನ್ನು ಮರೆತು ಒಂದು ಇಡೀ ಚಳಿಗಾಲ ಎರಡೂ ಕಡೆ ಒಂದೇ ಸದ್ದು ಕೇಳಿದ್ದೆ.

ಗುಡ್ಡೆಮನೆ
ಬೀಳುತ್ತೆ ಸಾರ್, ಅಳೆದು ನೋಡಿದೆ.

ಹಳೇ ವಾಲ್ವ್
ಹಾಗಾದ್ರೆ ಮನೆ ಕಡೆ ಹುಡುಕಬೇಡಿ. ಯುರೋಪಿನ ಸಿಗ್ನಲ್ ಎರಡೂ ತಂತಿಯಲ್ಲಿ ಜೊತೆಜೊತೆಯಾಗಿ ನಿಮ್ಮತ್ತ ಬಂದು ಮನೆ ಕಡೆಯ ಟ್ರಾನ್ಸ್‌ಫಾರ್ಮರಿನ ನಡು ಟ್ಯಾಪಿನಿಂದ (ಸುರುಳಿಯ ಮಧ್ಯದ ಕೊಂಡಿ) ಇಳಿಯುತ್ತೆ. ಆಸ್ಟ್ರೇಲಿಯಾದ್ದು ಮೊದಲು ಆಚೆ ತುದಿಗೆ ಹೋಗಬೇಕು. ಅಲ್ಲಿನ ಟ್ರಾನ್ಸ್‌ಫಾರ್ಮರ್ ಅದನ್ನು ಎರಡು ತಂತಿಗೆ ಎದುರುಬದುರು ಮಾಡಿ (ಒಂದರಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿಯುವ ಹಾಗೆ) ವಾಪಸ್ ಕಳಿಸುತ್ತೆ, ಆಗ ಆ ಎರಡು ತಂತಿಯೇ ಫೀಡರ್, ಅಂದ್ರೆ ಸಿಗ್ನಲ್ ತರುವ ಲೈನು. ಅಲ್ಲಿ ಅರ್ತ್ ಕಿತ್ತಿದ್ದರೆ ಎದುರುಬದುರು ಆಗದೆ, ಹೋದ ಹಾಗೇ ತಿರುಗಿ ಬಂದು ಯುರೋಪ್ ಪೋರ್ಟಿಗೆ ಬೀಳುತ್ತೆ. ನಿಮ್ಮ ಕಾಯಿಲೆ ಅದೇ.

ಹಳ್ಳ ದಾಟುವ ಮೊದಲು ಮನೆ ಕಡೆ ತಂತಿ ಬಿಚ್ಚಿ ಮೀಟರ್ ಹಿಡೀರಿ. ತಂತಿ-ತಂತಿಗೆ ಸಂಪರ್ಕ ಇದ್ದು ತಂತಿ-ಅರ್ತ್‌ಗೆ ಇಲ್ಲದಿದ್ದರೆ ಆಚೆ ತುದಿಯ ಟ್ರಾನ್ಸ್‌ಫಾರ್ಮರ್ ಡಬ್ಬಿ ಬದುಕಿದೆ, ಅರ್ತ್ ಸತ್ತಿದೆ. ಡಬ್ಬಿಯೇ ಸಿಡಿಲಿಗೆ ಹೋಗಿದ್ದರೆ ಟ್ರಾನ್ಸ್‌ಫಾರ್ಮರ್ ಸುತ್ತೋಕೆ ಹೊಸ ಕೋರ್ ಬರೋವರೆಗೆ ಅಲ್ಲಿ ಒಂದು ತಂತಿ ಅರ್ತ್ ಮಾಡಿ, ಇನ್ನೊಂದು ಹಾಗೇ ಬಿಡಿ. ಅಷ್ಟರಲ್ಲೇ ಕೆಲಸ ನಡೆಯುತ್ತೆ.

ಗುಡ್ಡೆಮನೆ
ತಂತಿ-ತಂತಿಗೆ ಬೀಪ್ ಬಂತು, ಅರ್ತಿಗೆ ಏನೂ ಇಲ್ಲ. ಹೋಗಿ ನೋಡಿದರೆ ಕಾಡುಹಂದಿ ಗೆಡ್ಡೆ ಹುಡುಕಿ ನೆಲ ಉತ್ತಿಟ್ಟಿದೆ, ಅರ್ತ್ ರಾಡ್ ಮೂರು ಮಾರು ದೂರದಲ್ಲಿ ಬಿದ್ದಿತ್ತು. ಜಂಬಿಟ್ಟಿಗೆ ನೆಲ, ಎರಡಡಿಗಿಂತ ಕೆಳಗೆ ಇಳಿಯಲ್ಲ. ಮತ್ತೆ ಬಡಿದು ಜೊತೆಗೆ ನಾಲ್ಕು ತಂತಿ ನೆಲದ ಮೇಲೆ ಹರಡಿದೆ. ಸಂಜೆ ಪರ್ತ್ ತನ್ನ ಪೋರ್ಟಿನಲ್ಲಿ ಬಂತು, ಯುರೋಪ್ ಕಡೆ ಹಾಕಿದರೆ ಮಾಯ.

ಹಳೇ ವಾಲ್ವ್
ಆ ನೆಲ ಬೆವರೇಜಿಗೆ ಒಳ್ಳೇದೇ ಓಎಂ (ಹ್ಯಾಮ್‌ಗಳ ಮಾತಲ್ಲಿ ಗೆಳೆಯ), ಒದ್ದೆ ಗದ್ದೆಯಲ್ಲಿ ಎಳೆದಿದ್ದರೆ ಇಷ್ಟು ಕೇಳ್ತಿರಲಿಲ್ಲ. ನಾಲ್ಕು ತಂತಿ ಹಂದಿ ಮೂತಿಗೆ ಸಿಗದ ಹಾಗೆ ಕಲ್ಲು ಹೇರಿ. 73 (ಶುಭಾಶಯ).