ರಾತ್ರಿ ಹೊರಡೋದು ಬೇಡ ಅಂತ ಅಭಿಗೆ ಹೇಳು

ವಿದ್ಯಾ, ನಿನ್ನ ಮೆಸೇಜ್ ಈಗ ನೋಡಿದೆ ಕಣೇ. ಟೈಪ್ ಮಾಡೋಕೆ ನನ್ನ ಬೆರಳು ಕೇಳಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಗುಂಪಲ್ಲಿ ಯಾರೂ ಬೈಕೋಬೇಡಿ, ಸೊಪ್ಪು ಬಿಡಿಸುತ್ತಾ ಕೇಳಿ. ಅಭಿ ಶುಕ್ರವಾರ ಎಡಿಟಿಂಗ್ ಮುಗಿಸಿ, ರಾತ್ರಿ ಹತ್ತಕ್ಕೆ ಹೆಂಡತಿ ಮಗುವನ್ನು ಕಾರಲ್ಲಿ ಕೂರಿಸಿಕೊಂಡು ಬಾದಾಮಿ ಕಡೆ ಶೂಟಿಂಗಿಗೆ ಹೊರಡುತ್ತಾನೆ ಅಂದೆ. ಬೇಡ ಅಂದರೆ 'ರಾತ್ರಿ ರೋಡ್ ಖಾಲಿ ಇರುತ್ತೆ ಅಮ್ಮ' ಅನ್ನುತ್ತಾನೆ ಅಂದೆ. ಏನು ಮಾಡಲಿ ದೊಡ್ಡಮ್ಮ ಅಂತ ಕೇಳಿದ್ದೀಯ.

ನಮ್ಮ ಕಥೆ ಹೇಳು ಅವನಿಗೆ. ಐಮಂಗಲದ ಕಥೆ. ನಿಮಗೆಲ್ಲ ಗೊತ್ತಿರೋದೇ, ಆದರೆ ಅವನಿಗೆ ಗೊತ್ತಿರಲಿಕ್ಕಿಲ್ಲ.

1988. ಮಲ್ಲೇಶ್ವರದಲ್ಲಿ ರಿಸೆಪ್ಶನ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಮ್ಮ ಫಿಯಟ್ಟಲ್ಲಿ ಹೊರಟೆವು. ಉಳಿದುಕೊಳ್ಳಿ ಅಂತ ಎಲ್ಲರೂ ಹೇಳಿದರು. ನಿಮ್ಮ ದೊಡ್ಡಪ್ಪ ಕೇಳಬೇಕಲ್ಲ, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯಬೇಕು ಅಂದರು. ರವಿಗೆ ಐದು ವರ್ಷ, ಮುಂದಿನ ಸೀಟಲ್ಲಿ ನನ್ನ ತೊಡೆ ಮೇಲೆ ಮಲಗಿದ್ದ. ತುಮಕೂರಲ್ಲಿ ಒಂದು ಟೀ, ಶಿರಾದಲ್ಲಿ ಒಂದು ಟೀ. ಹಿರಿಯೂರು ದಾಟಿ ಐಮಂಗಲದ ಹತ್ತಿರ ಬಂದ ಮೇಲೆ ಕೇಳಿದೆ, 'ನಿದ್ದೆ ಬರ್ತಿದೆಯೇನ್ರೀ?' ಅಂತ. 'ಏ ಇಲ್ಲ, ನೀನು ಮಲಗು' ಅಂದರು. ಅಷ್ಟು ಹೇಳಿ ಐದು ನಿಮಿಷ ಆಗಿರಲಿಲ್ಲ, ಕಾರು ತನ್ನಷ್ಟಕ್ಕೆ ತಾನೇ ಎಡಕ್ಕೆ ಸರಿಯೋಕೆ ಶುರು ಮಾಡಿತು. ಹುಣಸೆ ಮರದ ಬುಡಕ್ಕೆ ಬಳಿದ ಬಿಳಿ ಪಟ್ಟೆ ನನ್ನ ಕಣ್ಣ ಮುಂದೆ ಬಂತು. ಕೂಗಿದೆ. ಅವರು ಸ್ಟೀರಿಂಗ್ ಎಳೆದರು, ಕಾರು ರಸ್ತೆ ಪಕ್ಕದ ಜೆಲ್ಲಿ ರಾಶಿಯ ಮೇಲೆ ಹತ್ತಿ ನಿಂತಿತು. ರವಿಯ ಹಣೆ ಡ್ಯಾಶ್‌ಬೋರ್ಡಿಗೆ ಹೊಡೆಯಿತು. ನಾಲ್ಕು ಹೊಲಿಗೆ. ಹುಬ್ಬಿನ ಮೇಲೆ ಗುರುತು ಇನ್ನೂ ಇದೆ, ಮದುವೆ ಫೋಟೋದಲ್ಲಿ ನೋಡಿ.

ನನ್ನನ್ನು ಹೆದರಿಸಿದ್ದು ಏನು ಗೊತ್ತಾ? ಆಮೇಲೆ ಅವರು ಹೇಳಿದ ಮಾತು. 'ನನ್ನ ಕಣ್ಣು ತೆರೆದೇ ಇತ್ತು ಕಣೇ' ಅಂದರು. ಟೈಮ್ ನಾಲ್ಕು ಗಂಟೆ. ಎರಡರಿಂದ ಐದು ಗಂಟೆವರೆಗೆ ಮೈ ತಾನಾಗೇ ನಿದ್ದೆಗೆ ಜಾರುತ್ತೆ. ಟೀ ಕುಡಿದರೂ ಅಷ್ಟೇ, ಕಿಟಕಿ ಇಳಿಸಿ ಹಾಡು ಹಾಕಿದರೂ ಅಷ್ಟೇ. ಆ ಹೊತ್ತಿನ ನಿದ್ದೆ ಹೇಳಿ ಕೇಳಿ ಬರೋದಿಲ್ಲ. ರಾತ್ರಿ ಬೇಡ ಅಂತ ಹೇಳು.

ಮತ್ತೆ ಅಭಿ ರೂಮಲ್ಲಿ ಶಂಕರ್‌ನಾಗ್ ಫೋಟೋ ಅಂಟಿಸಿಕೊಂಡಿದ್ದಾನಲ್ಲ. ಆ ಫೋಟೋ ಎದುರಿಗೇ ನಿಲ್ಲಿಸಿ ಕೇಳು, ನಿನ್ನ ಶಂಕ್ರಣ್ಣ ಎಲ್ಲಿ ಹೋದ ಗೊತ್ತಾ ಅಂತ. ಇವನು ಹೋಗಬೇಕು ಅಂತಿರೋದೂ ಅದೇ ರಸ್ತೆ. ನಮ್ಮ ಜೆಲ್ಲಿ ರಾಶಿ ಆಗಿ ಎರಡು ವರ್ಷಕ್ಕೆ, 1990ರ ಸೆಪ್ಟೆಂಬರ್ 30, ಭಾನುವಾರ. ಲೋಕಾಪುರಕ್ಕೆ ಶೂಟಿಂಗಿಗೆ ಹೊರಟಿದ್ದರು. ಕಂಬಾರರ 'ಜೋಕುಮಾರಸ್ವಾಮಿ' ನಾಟಕ ಇದೆಯಲ್ಲ, ಅದರ ಸಿನಿಮಾ. ಕಾರಲ್ಲಿ ಹೆಂಡತಿ ಅರುಂಧತಿ, ಪುಟ್ಟ ಮಗಳು ಕಾವ್ಯ. ನಮ್ಮ ದಾವಣಗೆರೆ ಇನ್ನೇನು ಬಂತು ಅನ್ನೋವಾಗ, ಆನಗೋಡಿನ ಹತ್ತಿರ ಆಕ್ಸಿಡೆಂಟ್ ಆಗಿ ಹೋಗಿಬಿಟ್ಟರು. ಮೂವತ್ತೈದು ವರ್ಷ ಕಣೇ ಅವರಿಗೆ. ಮೂವತ್ತಾರು ಇನ್ನೂ ತುಂಬಿರಲಿಲ್ಲ.

ಅವತ್ತು ನಮ್ಮೂರಲ್ಲಿ ಆಟೋದವರು ಅತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಟೋ ರಾಜ ಅಲ್ವಾ ಅವರಿಗೆ. ಇವತ್ತಿಗೂ ಯಾವ ಆಟೋ ಹಿಂದೆ ನೋಡಿದರೂ ಅದೇ ಮುಖ.

ಹೊನ್ನಾವರದ ಕಡೆ ಹುಡುಗ. ಬೊಂಬಾಯಿಗೆ ಹೋದ, ನಾಟಕದ ಹುಚ್ಚು ಹಿಡಿಸಿಕೊಂಡ. ಹೆಂಡತಿ ಸಿಕ್ಕಿದ್ದೂ ಆ ನಾಟಕದಲ್ಲೇ. 1978ರಲ್ಲಿ ಮೊದಲ ಸಿನಿಮಾ, ಅಲ್ಲಿಂದ ಹನ್ನೆರಡೇ ವರ್ಷ. ಅಷ್ಟರಲ್ಲಿ ಎಷ್ಟು ಮಾಡಿಬಿಟ್ಟ ನೋಡು. ತಾನೇ 'ಮಿಂಚಿನ ಓಟ' ತೆಗೆದ. ಬೆಂಗಳೂರಲ್ಲೇ ರೆಕಾರ್ಡಿಂಗ್ ಸ್ಟುಡಿಯೋ ಕಟ್ಟಿದ. ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿದ. ಪಕ್ಕದ ಮನೆ ಟಿವಿಯಲ್ಲಿ ನಾವೆಲ್ಲ ನೆಲದ ಮೇಲೆ ಕೂತು ಸ್ವಾಮಿಯನ್ನು ನೋಡುತ್ತಿದ್ದೆವಲ್ಲ, ಅದು. ಬೆಂಗಳೂರಿಗೆ ಮೆಟ್ರೋ ಬೇಕು ಅಂತ ಆಗಲೇ ಹೇಳುತ್ತಿದ್ದ, ಜನ ನಕ್ಕರು. ಈಗ ಅದೇ ಮೆಟ್ರೋದಲ್ಲಿ ಅಭಿ ಆಫೀಸಿಗೆ ಹೋಗುತ್ತಾನೆ.

ಹೊಟ್ಟೆ ಉರಿಯೋದು ಯಾವುದಕ್ಕೆ ಅಂದರೆ, 1985ರಲ್ಲಿ 'ಆಕ್ಸಿಡೆಂಟ್' ಅಂತ ಸಿನಿಮಾ ತೆಗೆದವನೂ ಅವನೇ. ದುಡ್ಡಿದ್ದವರ ಮಗ ಮತ್ತಿನಲ್ಲಿ ಕಾರು ಓಡಿಸಿ ಫುಟ್‌ಪಾತಲ್ಲಿ ಮಲಗಿದ್ದವರ ಮೇಲೆ ಹತ್ತಿಸೋ ಕಥೆ. ರಾಷ್ಟ್ರಪ್ರಶಸ್ತಿ ಬಂತು ಅದಕ್ಕೆ.

ಪಾಪ, ಆ ಹೆಣ್ಣುಮಗಳು ಅರುಂಧತಿಯನ್ನು ನೆನೆಸಿಕೋ. ತನಗೂ ಜೋರು ಏಟು, ಕೈಯಲ್ಲಿ ಸಣ್ಣ ಮಗು. ಎದ್ದು ನಿಂತು, ನಾಟಕ ಬಿಡದೆ, 2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಅನ್ನೋ ನಾಟಕಮಂದಿರ ಕಟ್ಟಿಸಿ ನಿಲ್ಲಿಸಿದರು. ಅಭಿ ಅಲ್ಲಿ ನಾಟಕ ನೋಡಿ ಫೋಟೋ ಹಾಕಿದ್ದ, ನಾನು ಹಾರ್ಟ್ ಒತ್ತಿದ್ದೆ. ಆ ಕಟ್ಟಡ ಹದಿನಾಲ್ಕು ವರ್ಷದ ಕಷ್ಟ ಕಣೋ ಅಂತ ಅವನಿಗೆ ಹೇಳಬೇಕು ಅಂದುಕೊಂಡೆ, ಆಮೇಲೆ ಸುಮ್ನೆ ಆದೆ.

ಅಭಿಯೂ ಒಳ್ಳೆಯವನೇ. ಹೆಂಡತಿ ಮಗುವನ್ನು ಬಿಟ್ಟು ಒಂದು ವಾರ ಇರಲಾರ, ಅದಕ್ಕೇ ಜೊತೆಗೆ ಕರ್ಕೊಂಡು ಹೋಗುತ್ತಾನೆ. ನನಗೆ ಅದು ಇಷ್ಟ. ಆದರೆ ಮನೆಯವರ ಮೇಲೆ ಅಷ್ಟು ಪ್ರೀತಿ ಇದ್ದವನು ಬೆಳಗಿನ ಜಾವ ನಾಲ್ಕಕ್ಕೆ ಸ್ಟೀರಿಂಗ್ ಹಿಡಿಯಬಾರದು. ಇನ್ನೊಂದು ಸಲ ಹೇಳುತ್ತೇನೆ ಕೇಳಿಸಿಕೋ, ಆ ಹೊತ್ತಿನ ನಿದ್ದೆ ಹೇಳಿ ಕೇಳಿ ಬರೋದಿಲ್ಲ. ಕಣ್ಣು ತೆರೆದೇ ಇರುತ್ತೆ.

ಮೊದಲಾದರೆ ಈ ಭಯವೇ ಇರಲಿಲ್ಲ. ಹುಬ್ಬಳ್ಳಿ ಕಡೆ ಹೋಗೋರು, ಬರೋರು, ಎಲ್ಲರೂ ದಾವಣಗೆರೆಯಲ್ಲಿ ನಮ್ಮ ಮನೆಗೆ ಇಳಿಯೋರು. ಹಾಸಿಗೆ ಸಾಲದೆ ನಾನು ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದ್ದೂ ಉಂಟು. ಬೆಳಗ್ಗೆ ಬೆಣ್ಣೆ ದೋಸೆ ತಿಂದು ಹೊರಡೋರು. ಬೈಪಾಸ್ ಒಂದು ಆಯಿತು ನೋಡು, ಊರಿನ ಹೊರಗಿಂದಲೇ ಸುಯ್ ಅಂತ ಹೋಗಿಬಿಡುತ್ತೀರಿ. ಹೋದ ವರ್ಷ ಇದೇ ಗುಂಪಿನವರು ಮೂರು ಕಾರಲ್ಲಿ ಗೋವಾಕ್ಕೆ ಹೋದಿರಿ. ದಾವಣಗೆರೆ ಟೋಲಲ್ಲಿ ನಿಂತು ಸೆಲ್ಫಿ ಹಾಕಿದಿರಿ. ನಾನು ಇಲ್ಲಿಂದ ನೋಡಿದೆ. ದೊಡ್ಡಮ್ಮ ಹೇಗಿದ್ದೀಯ ಅಂತ ಒಂದು ಫೋನ್ ಇಲ್ಲ. ಹೆಸರು ಹೇಳಲ್ಲ, ಹೋದವರಿಗೆ ಗೊತ್ತು. ದೊಡ್ಡಪ್ಪ ಇದ್ದಿದ್ದರೆ ಹಾಗೆ ಮಾಡುತ್ತಿದ್ದಿರಾ?

ಇರಲಿ ಬಿಡು. ಏನೋ ಹೇಳೋಕೆ ಹೊರಟೆ... ಹಾಂ, ಅಭಿ.

ಶುಕ್ರವಾರ ರಾತ್ರಿ ಬೇಡ. ಮನೆಯಲ್ಲೇ ನಿದ್ದೆ ಮಾಡಿ ಶನಿವಾರ ಬೆಳಗ್ಗೆ ಆರಕ್ಕೆ ಹೊರಡಲಿ, ಊಟದ ಹೊತ್ತಿಗೆ ನಮ್ಮನೆ. ಅಷ್ಟೊಂದು ಅರ್ಜೆಂಟ್ ಅಂದರೆ ಶುಕ್ರವಾರ ಮಧ್ಯಾಹ್ನವೇ ಎದ್ದು ಬರಲಿ, ರಾತ್ರಿ ಇಲ್ಲಿ ಮಲಗಿ ಬೆಳಗ್ಗೆ ಮುಂದೆ ಹೋಗಲಿ. ಅದೂ ಆಗಲ್ಲ ಅಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ಬೆಂಗಳೂರಲ್ಲಿ ಹತ್ತಿ ಮಲಗಿದರೆ ಬಾದಾಮಿಯಲ್ಲೇ ಇಳಿಯಬಹುದು. ಕ್ಯಾಮರಾ ಸಾಮಾನು ಯೂನಿಟ್ಟಿನ ಗಾಡಿಯಲ್ಲಿ ಬರಲಿ. ದಾರಿಯಲ್ಲಿ ತೂಕಡಿಕೆ ಬಂದರೆ ಹಗಲಾದರೂ ಸರಿ, ಲೈಟಿರೋ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಲಿ, ರಸ್ತೆ ಅಂಚಲ್ಲಿ ನಿಲ್ಲಿಸೋದು ಬೇಡ. ಮಗುವನ್ನು ಹಿಂದಿನ ಸೀಟಲ್ಲಿ ಅದರದೇ ಸೀಟಿಗೆ ಬೆಲ್ಟ್ ಹಾಕಿ ಕೂರಿಸಲಿ. ತೊಡೆ ಮೇಲೆ ಬೇಡ, ನಾನು ಮಾಡಿದ ತಪ್ಪು ಅದು.

ಮೇಲಿನ ರೂಮ್ ಗುಡಿಸಿ ಇಡಿಸುತ್ತೇನೆ. ಬಿಸಿನೀರಿನ ಗೀಸರ್ ರಿಪೇರಿ ಆಗಿದೆ. ಮಗುಗೆ ಖಾರ ಇಲ್ಲದ ಮಂಡಕ್ಕಿ ಮಾಡುತ್ತೇನೆ, ತಿನ್ನುತ್ತೆ ತಾನೆ? ಯಾವ ದಿನ ಬರುತ್ತಾರೆ ಅಂತ ಗುರುವಾರದೊಳಗೆ ಹೇಳು, ಹಾಲಿನವನಿಗೆ ಒಂದು ಲೀಟರ್ ಜಾಸ್ತಿ ಹಾಕು ಅನ್ನಬೇಕು.