ಬ್ಯಾಟರಿಯ ‘ಸಾಮರ್ಥ್ಯ’ ಅಂದರೆ ಯಾವುದು?

ಗೆಳೆಯರೇ, ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ಬಿಡಿಸಿಕೊಡಿ.

ವಿದ್ಯುತ್ ಕಾರುಗಳ ಬಗ್ಗೆ ಬರೆಯಲು ಕೂತಾಗಲೆಲ್ಲ ‘ಸಾಮರ್ಥ್ಯ’ ಬಂದ ಕಡೆ ಪೆನ್ನು ನಿಲ್ಲುತ್ತದೆ. 60 ಕಿಲೋವ್ಯಾಟ್-ಅವರ್ ಸಾಮರ್ಥ್ಯದ ಬ್ಯಾಟರಿ ಎನ್ನುತ್ತೇವೆ. 120 ಕಿಲೋವ್ಯಾಟ್ ಸಾಮರ್ಥ್ಯದ ಚಾರ್ಜರ್ ಅಂತಲೂ ಎನ್ನುತ್ತೇವೆ. ಎರಡೂ ಒಂದೇ ಅಲ್ಲ, ಅಲ್ವಾ? ಮೊದಲನೆಯದು ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ. ಎರಡನೆಯದು ಎಷ್ಟು ಬೇಗ ಹರಿಯುತ್ತದೆ ಎಂಬ ಲೆಕ್ಕ. ಒಂದು ಹಂಡೆ, ಇನ್ನೊಂದು ನಲ್ಲಿ.

ಭೌತವಿಜ್ಞಾನದ ಪಾಠದಲ್ಲಿ ಈ ತೊಡಕಿಲ್ಲ. ಜೌಲ್‌ನಲ್ಲಿ ಅಳೆಯುವುದು ಶಕ್ತಿ, ವ್ಯಾಟ್‌ನಲ್ಲಿ ಅಳೆಯುವುದು ಸಾಮರ್ಥ್ಯ. ಕಿಲೋವ್ಯಾಟ್-ಅವರ್ ಕೂಡ ಶಕ್ತಿಯ ಅಳತೆಯೇ. ಆದರೆ ಮಾತಿನಲ್ಲಿ ಟ್ಯಾಂಕಿನ ಸಾಮರ್ಥ್ಯ, ಜಲಾಶಯದ ಸಾಮರ್ಥ್ಯ ಎಂದರೆ ಅದು ಎಷ್ಟು ಹಿಡಿಯುತ್ತದೆ ಎಂದೇ ಅರ್ಥ. ಈ ಎರಡು ಅರ್ಥಗಳು ಬ್ಯಾಟರಿಯ ಹತ್ತಿರ ಬಂದು ಡಿಕ್ಕಿ ಹೊಡೆಯುತ್ತವೆ.

ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ ಗಾಳಿ ವಿದ್ಯುತ್ ಘಟಕದ ಪಕ್ಕ ದೊಡ್ಡ ಬ್ಯಾಟರಿ ಕೂರಿಸಿದರು. ಆಗ ಅದು 100 ಮೆಗಾವ್ಯಾಟ್, 129 ಮೆಗಾವ್ಯಾಟ್-ಅವರ್ ಇತ್ತು. ಪೂರ್ತಿ ಹರಿಸಿದರೆ ಒಂದೂಕಾಲು ಗಂಟೆ ಚಿಲ್ಲರೆಯಲ್ಲಿ ಖಾಲಿ. ‘100 ಮೆಗಾವ್ಯಾಟ್ ಸಾಮರ್ಥ್ಯ’ ಎಂದಷ್ಟೇ ಬರೆದರೆ ಈ ಒಂದೂಕಾಲು ಗಂಟೆಯೇ ಮಾಯವಾಗುತ್ತದೆ. ಬಿಸಿಲಿನ ಕರೆಂಟನ್ನು ಮಧ್ಯಾಹ್ನ ತುಂಬಿಟ್ಟು ರಾತ್ರಿ ಬಳಸಲು ಹೊರಟವರಿಗೆ ಬೇಕಾದದ್ದೇ ಅದು. ಎಷ್ಟು ಹೊತ್ತು ಬರುತ್ತದೆ?

‘ಹೊಸ ಬ್ಯಾಟರಿ ಹೆಚ್ಚು ಶಕ್ತಿಶಾಲಿ’ ಎಂಬ ವಾಕ್ಯವೂ ಹೀಗೆಯೇ. ಕಾರು ಜಾಸ್ತಿ ದೂರ ಓಡುತ್ತದೆಯೋ, ಬೇಗ ಚಾರ್ಜ್ ಆಗುತ್ತದೆಯೋ, ಹೆಚ್ಚು ವರ್ಷ ಬಾಳುತ್ತದೆಯೋ? ಮೂರೂ ಬೇರೆ ಗುಣಗಳು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ನೋಡಿ. ನಿಕ್ಕಲ್, ಕೋಬಾಲ್ಟ್ ಬಳಸುವ ಬ್ಯಾಟರಿಗಳಿಗೆ ಹೋಲಿಸಿದರೆ ಅದು ಕಿಲೋಗೆ ಕಡಿಮೆ ಹಿಡಿಯುತ್ತದೆ, ಆದರೆ ಹೆಚ್ಚು ಸಲ ತುಂಬಿ ಖಾಲಿ ಮಾಡಬಹುದು. ಒಂದೇ ಕಡೆ ಕೂತಿರುವ ಬ್ಯಾಟರಿಗೆ ತೂಕದ ಚಿಂತೆ ಅಷ್ಟಿಲ್ಲ. ಕಾರಿಗೆ ಇದೆ. ಅದು ತನ್ನ ಬ್ಯಾಟರಿಯನ್ನೂ ಹೊತ್ತುಕೊಂಡೇ ಓಡಬೇಕಲ್ಲ.

ನನಗೆ ತೋಚಿದ್ದು ಇಷ್ಟು. ಹಿಡಿಯುವ ಲೆಕ್ಕಕ್ಕೆ ‘ಶೇಖರಣೆ’, ಬಿಡುವ ಲೆಕ್ಕಕ್ಕೆ ‘ಹರಿವು’. 60 ಕಿಲೋವ್ಯಾಟ್-ಅವರ್ ಶೇಖರಣೆಯ ಬ್ಯಾಟರಿ, 120 ಕಿಲೋವ್ಯಾಟ್ ಹರಿವಿನ ಚಾರ್ಜರ್. ಶಕ್ತಿ ಸಾಂದ್ರತೆ, ಸಾಮರ್ಥ್ಯ ಸಾಂದ್ರತೆ ಎಂದು ಹೆಣಗುವ ಬದಲು ‘ಕಿಲೋಗೆ ಇಷ್ಟು ಶೇಖರಣೆ’, ‘ಕಿಲೋಗೆ ಇಷ್ಟು ಹರಿವು’ ಎನ್ನಬಹುದು. ಲೀಟರಿಗೆ ಎಷ್ಟು ಎಂಬ ಅಳತೆಯೂ ಇರುವುದರಿಂದ ಹೀಗೆ ಬಿಡಿಸಿ ಹೇಳುವುದೇ ಮೇಲು. ಒಂದೇ ಅಳುಕು: ಹರಿವು ಎಂದರೆ ಓದುವವರು ವಿದ್ಯುತ್ ಪ್ರವಾಹ, ಅಂದರೆ ಆಂಪಿಯರ್ ಎಂದು ತಿಳಿದುಬಿಟ್ಟರೆ? ಇದಕ್ಕಿಂತ ಒಳ್ಳೆಯ ಪದ ಇದ್ದರೆ ಕೊಡಿ.

ಜೊತೆಗೆ ಇನ್ನೊಂದು. ಸಾಲಿಡ್-ಸ್ಟೇಟ್ ಬ್ಯಾಟರಿಗೆ ‘ಘನ ಬ್ಯಾಟರಿ’ ಸಾಕೇ? ಅಲ್ಲಿ ಬದಲಾಗುವ ಮುಖ್ಯ ಸಂಗತಿ ಎಲೆಕ್ಟ್ರೋಲೈಟ್, ಅಂದರೆ ಬ್ಯಾಟರಿಯ ಎರಡು ಧ್ರುವಗಳ ನಡುವೆ ವಿದ್ಯುತ್ ಕಣಗಳು (ಅಯಾನುಗಳು) ಓಡಾಡುವ ವಸ್ತು. ದ್ರವದ ಜಾಗಕ್ಕೆ ಘನ ಬರುತ್ತದೆ. ‘ಗಟ್ಟಿ ಬ್ಯಾಟರಿ’ ಎಂದರೆ ಬಾಳಿಕೆಯ ಮಾತು ಅನಿಸುತ್ತದೆ. ‘ದ್ರವವಿಲ್ಲದ ಬ್ಯಾಟರಿ’ ಉದ್ದವಾಯಿತೇ?